ಯಾವ ಕೋರ್ಸ್ ಎಂದು ಕೇಳುವ ಮುನ್ನ, ನಿಮ್ಮ ಕೆಲಸ ನೋಡುವವರು ಯಾರು?

ಓದುಗರ ಪತ್ರ: “ಹಾನಗಲ್ ತಾಲ್ಲೂಕಿನ ಆಯುಷ್ಮಾನ್ ಆರೋಗ್ಯ ಮಂದಿರವೊಂದರಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯಾಧಿಕಾರಿ) ಆಗಿ ನಾಲ್ಕು ವರ್ಷವಾಯಿತು. ಬಿ.ಎಸ್ಸಿ. ನರ್ಸಿಂಗ್ ಓದಿದ್ದೇನೆ. ಮಾನಸಿಕ ಆರೋಗ್ಯದ ಬಗ್ಗೆ ಎರಡು ದಿನದ ತರಬೇತಿ ಆಗಿದೆ, ಸಾಲುತ್ತಿಲ್ಲ. ನಿದ್ದೆ ಬಾರದವರು, ಕುಡಿತ ಬಿಡಲಾಗದವರು, ಸಾಲದ ಚಿಂತೆಯಲ್ಲಿ ಊಟ ಬಿಟ್ಟವರು ದಿನಾ ಬರುತ್ತಾರೆ. ತಾಂಡಾದವರು ಮಾತ್ರ ಬರುವುದೇ ಇಲ್ಲ. ಕೆಲಸ ಬಿಡದೆ ಮಾಡಬಹುದಾದ ಕೋರ್ಸ್ ಯಾವುದು? ಮೊಬೈಲಿಗೆ ಬರುವ ‘30 ದಿನದಲ್ಲಿ ಕೌನ್ಸೆಲರ್ ಆಗಿ’ ಜಾಹೀರಾತು ನಂಬಬಹುದೇ? ಆರೋಗ್ಯ ಸಮಾನತೆ ಕಲಿಸುವವರು ನಮ್ಮ ಕಡೆ ಇದ್ದಾರೆಯೇ?”

ಸಂಪಾದಕರ ಉತ್ತರ: ಜಾಹೀರಾತಿನ ವಿಷಯ ಮೊದಲು ಮುಗಿಸೋಣ. ಅದಕ್ಕೆ ದುಡ್ಡು ಕಟ್ಟಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾರು ಮಾನಸಿಕ ಆರೋಗ್ಯ ನರ್ಸ್, ಯಾರು ಕ್ಲಿನಿಕಲ್ ಸೈಕಾಲಜಿಸ್ಟ್, ಯಾರು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಎಂದು ಬಿಡಿಸಿ ಹೇಳಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ಓದು ಬೇಕು. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಲು ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ನಂತರ ಎರಡು ವರ್ಷದ ಎಂ.ಫಿಲ್ ಬೇಕು. 2021ರಲ್ಲಿ ಬಂದ ಅಲೈಡ್ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಆಪ್ತ ಸಮಾಲೋಚಕರನ್ನೂ ಮಾನಸಿಕ ಆರೋಗ್ಯ ಸಹಾಯಕರನ್ನೂ ‘ವರ್ತನಾ ಆರೋಗ್ಯ’ದ ವೃತ್ತಿಗಳ ಪಟ್ಟಿಗೆ ಸೇರಿಸಿತು. ಮೂವತ್ತು ದಿನದ ವೀಡಿಯೊ ನೋಡಿ ಪಡೆದ ಕಾಗದ ಈ ಯಾವ ಬಾಗಿಲನ್ನೂ ತೆರೆಯುವುದಿಲ್ಲ. ನೀವು ನೋಂದಾಯಿತ ನರ್ಸ್. ಅದೇ ನಿಮ್ಮ ದೊಡ್ಡ ಬಂಡವಾಳ, ಅದರ ಮೇಲೇ ಕಟ್ಟಿಕೊಳ್ಳಿ.

ನರ್ಸಿಂಗ್ ಕಡೆಯಿಂದ ಹೋಗುವವರಿಗೆ ಎರಡು ದಾರಿಗಳಿವೆ. ಒಂದು, ಒಂದು ವರ್ಷದ ಪೋಸ್ಟ್ ಬೇಸಿಕ್ ಸೈಕಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ. ಇನ್ನೊಂದು, ಎರಡು ವರ್ಷದ ಎಂ.ಎಸ್ಸಿ. ನಿಮ್ಮ ಪುಣ್ಯಕ್ಕೆ, ಮನೋರೋಗ ವಾರ್ಡಿನಲ್ಲಿ ನಿಂತು ಕಲಿಯಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 1845ರಲ್ಲಿ ಮನೋರೋಗಿಗಳ ಆಶ್ರಯಾಲಯವಾಗಿ ಶುರುವಾದ ಜಾಗವದು, ಇವತ್ತು ಉತ್ತರ ಕರ್ನಾಟಕದ ದೊಡ್ಡ ಮನೋರೋಗ ಬೋಧನಾ ಆಸ್ಪತ್ರೆ. ಈ ವರ್ಷ ಯಾವ ಕೋರ್ಸಿಗೆ ಎಷ್ಟು ಸೀಟು, ಯಾವ ಪರಿಷತ್ತಿನ ಮಾನ್ಯತೆ ಎಂಬುದನ್ನು ಅಲ್ಲಿನ ಕಚೇರಿಗೇ ಹೋಗಿ ಕೇಳಿ. ಆದರೆ ಒಂದು ಮಾತು. ನೀವು ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆಯವರು. ಕಾಯಂ ನೌಕರರಿಗೆ ಇರುವಂತೆ ನಿಯೋಜನೆಯ ಮೇಲೆ ಓದುವ ಅನುಕೂಲ ನಿಮಗೆ ಸುಲಭಕ್ಕೆ ಸಿಗದು. ಒಂದು ವರ್ಷದ ಓದೆಂದರೆ ಒಂದು ವರ್ಷದ ಸಂಬಳವೂ ಹೋಗಬಹುದು, ಹುದ್ದೆಯೂ ಹೋಗಬಹುದು. ಅದಕ್ಕೇ ಆ ನಿರ್ಧಾರವನ್ನು ಒಂದು ವರ್ಷ ಮುಂದೆ ಹಾಕಿ, ಈ ವರ್ಷ ಕೆಲಸದೊಳಗೇ ಕಲಿಯಿರಿ ಎನ್ನುವುದು ನಮ್ಮ ಸಲಹೆ.

ಕೆಲಸದೊಳಗೆ ಕಲಿಯುವಾಗ ಎಲ್ಲಕ್ಕಿಂತ ಮುಖ್ಯವಾದುದು ಯಾವುದು ಎನ್ನುವುದಕ್ಕೆ ಪಕ್ಕದ ಗೋವಾದಲ್ಲೇ ಉತ್ತರವಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆಯವರು ಖಿನ್ನತೆಗೆ ಆರರಿಂದ ಎಂಟು ಭೇಟಿಗಳ ಮಾತಿನ ಚಿಕಿತ್ಸೆಯನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಕೊಟ್ಟವರು ಮನೋವೈದ್ಯರಲ್ಲ, ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯರು. ಮೂರು ತಿಂಗಳ ಕೊನೆಗೆ ಆ ಚಿಕಿತ್ಸೆ ಪಡೆದವರಲ್ಲಿ ಶೇ 64 ಮಂದಿ ಖಿನ್ನತೆಯ ಗೆರೆಯಿಂದ ಕೆಳಗಿಳಿದಿದ್ದರು, ಅದು ಸಿಗದವರಲ್ಲಿ ಶೇ 39 ಮಂದಿ. ಆ ಸಲಹೆಗಾರರು ತರಬೇತಿ ಮುಗಿದ ಮೇಲೆ ಒಬ್ಬೊಬ್ಬರೇ ಉಳಿದುಹೋಗಲಿಲ್ಲ. ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ಮಾತುಕತೆಗಳನ್ನು ಗುಂಪಾಗಿ ಕೂತು ಕೇಳುತ್ತಿದ್ದರು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಂಕ ಹಾಕುತ್ತಿದ್ದರು. ನಿಮ್ಮ ಎರಡು ದಿನದ ತರಬೇತಿಯಲ್ಲಿ ಇಲ್ಲದ್ದು ಇದೇ. ಹಾಗಾಗಿ ಯಾವ ಕೋರ್ಸಿನವರನ್ನಾದರೂ ಮೊದಲು ಇದನ್ನೇ ಕೇಳಿ: ನಾನು ರೋಗಿಯೊಡನೆ ಮಾತಾಡಿದ್ದನ್ನು ನೋಡಿ ತಿದ್ದುವವರು ಯಾರು, ಎಷ್ಟು ದಿನಕ್ಕೊಮ್ಮೆ, ಯಾವ ಭಾಷೆಯಲ್ಲಿ?

ಆ ದೃಷ್ಟಿಯಿಂದ ನಿಮಗೆ ಮೂರು ಜಾಗಗಳಿವೆ. 2018ರಲ್ಲಿ ಆರಂಭವಾದ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯಲ್ಲಿ ವೈದ್ಯರು, ನರ್ಸ್‌ಗಳು, ಮನೋವಿಜ್ಞಾನಿಗಳು, ಸಮಾಜಕಾರ್ಯಕರ್ತರಿಗೆ ಆನ್‌ಲೈನ್ ಕೋರ್ಸ್‌ಗಳು ನಡೆಯುತ್ತವೆ. ಜೊತೆಗೆ ನಿಮ್ಹಾನ್ಸ್‌ನವರೇ ನಡೆಸುವ ‘ಎಕೋ’ ಮಾದರಿಯ ವೀಡಿಯೊ ತರಗತಿಗಳಿವೆ. ಅವುಗಳಲ್ಲಿ ಉಪನ್ಯಾಸ ಚಿಕ್ಕದು, ಉಳಿದ ಹೊತ್ತು ಕಲಿಯುವವರೇ ತಮ್ಮ ಕೇಸ್ ಮುಂದಿಡಬೇಕು. ಅನೇಕರು ಕ್ಯಾಮೆರಾ ಬಂದ್ ಮಾಡಿ ಕೂತು ಸರ್ಟಿಫಿಕೇಟ್ ತೆಗೆದುಕೊಂಡು ಎದ್ದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಹೆಸರು, ಊರು ಬಿಟ್ಟು ಎಂಟು ಸಾಲಿನಲ್ಲಿ ಕೇಸ್ ಬರೆದಿಟ್ಟುಕೊಳ್ಳಿ: ವಯಸ್ಸು, ಮನೆಯ ಸ್ಥಿತಿ, ಅವರದೇ ಮಾತಿನಲ್ಲಿ ತೊಂದರೆ, ಎಷ್ಟು ದಿನದಿಂದ, ಖಿನ್ನತೆ ಅಳೆಯುವ ಫಾರ್ಮಿನ ಅಂಕ, ನೀವು ಮಾಡಿದ್ದು, ಎರಡು ವಾರದ ನಂತರ ಆದದ್ದು. ಕೊನೆಯ ಸಾಲು ಒಂದೇ ಒಂದು ಪ್ರಶ್ನೆ. “ಏನು ಮಾಡಲಿ ಸರ್” ಎಂದರೆ ಉತ್ತರವೂ ಗಾಳಿಯಲ್ಲಿ ತೇಲುತ್ತದೆ. “ಮಾತ್ರೆ ಮೂರನೇ ವಾರಕ್ಕೆ ಬಿಟ್ಟರು, ಹೊಟ್ಟೆ ಉರಿ ಅಂತಾರೆ, ಮನೆಯವರು ಚಟ ಹತ್ತುತ್ತದೆ ಅಂತಾರೆ, ಯಾವುದನ್ನು ಮೊದಲು ಹಿಡಿಯಲಿ?” ಎಂದು ಕೇಳಿದರೆ ಮರುದಿನವೇ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಎರಡನೆಯದು ನಿಮ್ಮ ತಾಲ್ಲೂಕು ಆಸ್ಪತ್ರೆಯ ಮಂಗಳವಾರ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಹಾನಗಲ್ಲಿಗೆ ಯಾವ ಮಂಗಳವಾರ ಎಂಬುದನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಹೇಳುತ್ತದೆ. ನಿಮ್ಮ ರೋಗಿಯ ಜೊತೆ ನೀವೂ ಹೋಗಿ, ಮಧ್ಯಾಹ್ನದವರೆಗೆ ವೈದ್ಯರ ಪಕ್ಕ ಕೂರಲು ಅನುಮತಿ ಕೇಳಿ. ಇದಕ್ಕೆ ಶುಲ್ಕವಿಲ್ಲ, ಸರ್ಟಿಫಿಕೇಟೂ ಇಲ್ಲ. ಆದರೆ ವರ್ಷಕ್ಕೆ ಹತ್ತು ಮಂಗಳವಾರ ಕೂತವರಿಗೆ ಸಿಗುವ ಕಣ್ಣು ಯಾವ ವೀಡಿಯೊದಿಂದಲೂ ಸಿಗದು. ಮೂರನೆಯದು, ಅಕ್ಕಪಕ್ಕದ ನಾಲ್ಕೈದು ಸಿಎಚ್‌ಒಗಳು ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಸೇರುವುದು. ಒಬ್ಬರು ಕೇಸ್ ಹೇಳಲಿ, ಒಬ್ಬರು ರೋಗಿಯಾಗಿ ಕೂರಲಿ, ಮಿಕ್ಕವರು ನೋಡಲಿ.

ನೋಡುವವರು ಏಕೆ ಬೇಕೆಂದು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಫಾರ್ಮಿನಿಂದಲೇ ತೋರಿಸಬಹುದು. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಗಂಭೀರವಾಗಿ ನೋಡಬೇಕು. ಕಾಗದದ ಮೇಲೆ ಇಷ್ಟು ಸುಲಭ. ಆದರೆ “ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ?” ಎಂದು ಪುಸ್ತಕದ ಕನ್ನಡದಲ್ಲಿ ಓದಿದರೆ ಹೊಲದಿಂದ ಬಂದ ತಾಯಿಗೆ ಲೆಕ್ಕ ಹತ್ತುವುದಿಲ್ಲ. ತಲೆಯಾಡಿಸುತ್ತಾಳೆ, ನೀವು ಎರಡು ಅಂತ ಬರೆಯುತ್ತೀರಿ. “ಎರಡ ಸಂತಿ ಹಿಂದಿನಿಂದ ಇವತ್ತಿನ ಮಟ ಹಿಡಿರಿ, ಅದರಾಗ ಎಷ್ಟ ದಿನಾ ನಿದ್ದಿ ಹತ್ತಿಲ್ಲ?” ಎಂದು ಕೇಳಿ. ದಿನಗಳು ಹೊರಬರುತ್ತವೆ. ‘ಖಿನ್ನತೆ’ ಎಂಬ ಪದ ಬೇಡ, “ಬ್ಯಾಸರ”, “ಜೀವಕ್ಕ ಸಮಾಧಾನ ಇಲ್ಲ” ಸಾಕು. ಅತ್ತೆ ಪಕ್ಕದಲ್ಲಿ ನಿಂತಿದ್ದರೆ ಬಿಪಿ ನೋಡುವ ನೆಪದಲ್ಲಿ ಒಳಗೆ ಕರೆದು ಕೇಳಿ. ತಲೆಬ್ಯಾನಿ, ಮೈಬ್ಯಾನಿ, ಬಿಳಿ ಹೋಗುವುದು ಎಂದು ಮೇಲಿಂದ ಮೇಲೆ ಬರುವ ಹೆಂಗಸರಲ್ಲಿ ಎಷ್ಟೋ ಜನರ ಹಿಂದೆ ಮನಸ್ಸಿನ ಸಂಕಟ ಇರುತ್ತದೆ. ಹಾಗೆಂದು ಎಲ್ಲವನ್ನೂ ಮನಸ್ಸಿಗೇ ಹಾಕಬೇಡಿ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಆಗಿರಲಿ, ಸೋಂಕು ಇದೆಯೇ ಎಂದು ನೋಡಿರಲಿ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಹೊಸಬರು ಅದನ್ನು ಬಿಟ್ಟು ಸೊನ್ನೆ ಬರೆಯುತ್ತಾರೆ, ಕೇಳಿದರೆ ಎಲ್ಲಿ ಆ ಯೋಚನೆ ಹೊಳೆಯುತ್ತದೋ ಎಂಬ ಅಂಜಿಕೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದು ಅಧ್ಯಯನಗಳಿಂದ ಗೊತ್ತಾಗಿರುವ ಮಾತು. “ಜೀವಾ ಸಾಕಾಗೇತಿ ಅನಸ್ತೈತೇನು?” ಎಂದು ನೇರ ಕೇಳಿ. ಹೌದೆಂದರೆ ಮುಂದಿನ ಮಾತು “ಮನ್ಯಾಗ ಎಣ್ಣಿ ಐತೇನು?” ನಮ್ಮ ಭಾಗದಲ್ಲಿ ಎಣ್ಣಿ ಎಂದರೆ ಬೆಳೆಗೆ ಹೊಡೆಯುವ ಔಷಧವೂ ಹೌದೆಂಬುದು ಹೊರಗಿನ ತರಬೇತುದಾರರಿಗೆ ತಿಳಿದಿರುವುದಿಲ್ಲ. ಅದನ್ನು ಮನೆಯಿಂದ ಆಚೆ, ಬೇರೆಯವರ ಬೀಗದೊಳಗೆ ಇಡಿಸುವುದು, ಅವತ್ತು ರಾತ್ರಿ ಜೊತೆಗೆ ಯಾರಿರುತ್ತಾರೆಂದು ಗೊತ್ತುಮಾಡಿಕೊಳ್ಳುವುದು, ವೈದ್ಯರಿಗೆ ಅಂದೇ ತಿಳಿಸುವುದು ನಿಮ್ಮ ಕೆಲಸ. ತಿಂಗಳ ಮಾತ್ರೆ ಒಮ್ಮೆಲೇ ಕೊಡದೆ ವಾರಕ್ಕಾಗುವಷ್ಟೇ ಕೊಡಬಹುದೇ ಎಂದೂ ವೈದ್ಯರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಅವರೆದುರೇ ಕರೆ ಮಾಡಿ ಮಾತಾಡಿಸಿ. ಚೀಟಿಯಲ್ಲಿ ಬರೆದುಕೊಟ್ಟ ನಂಬರು ಮನೆಗೆ ಹೋದ ಮೇಲೆ ಯಾರೂ ಒತ್ತುವುದಿಲ್ಲ.

ಕುಡಿತದ ವಿಷಯದಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು. ದಿನವೂ ಬೆಳಗಿನಿಂದ ಕುಡಿಯುವವರಿಗೆ “ಇವತ್ತಿಂದಲೇ ಬಿಟ್ಟುಬಿಡು” ಎನ್ನುವುದು ಅಪಾಯ. ಅಯ್ಯಪ್ಪ ಮಾಲೆ ಹಾಕಿಯೋ, ದೇವರ ಆಣೆ ಮಾಡಿಯೋ ಒಮ್ಮೆಲೇ ನಿಲ್ಲಿಸಿದವರಿಗೆ ಮೊದಲ ಎರಡು ದಿನದಲ್ಲಿ ಕೈ ನಡುಗಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ದಿಕ್ಕುತಪ್ಪಿ ಇಲ್ಲದ್ದನ್ನು ಕಾಣತೊಡಗಬಹುದು. ಜೀವವೂ ಹೋಗಬಹುದು. ಬೆಳಗ್ಗೆ ಎದ್ದಕೂಡಲೇ ಕೈ ನಡುಗುತ್ತದೆಯೇ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಕೇಳಿ. ಹೌದೆಂದರೆ ಬಿಡಿಸುವುದು ಆಸ್ಪತ್ರೆಯಲ್ಲೇ ಆಗಬೇಕು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಪತ್ರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು “ತಾಂಡಾದವರು ಬರುವುದೇ ಇಲ್ಲ” ಎಂಬ ಸಾಲು. ಆರೋಗ್ಯ ಸಮಾನತೆಯ ಕಲಿಕೆ ಅಲ್ಲೇ ಶುರುವಾಗುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದಿತು. ಸಮೀಕ್ಷೆಯ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಆದ್ದರಿಂದ ಇದನ್ನು ಅಂದಾಜಿಗಷ್ಟೇ ಬಳಸಿ. ನಿಮ್ಮ ಕೇಂದ್ರಕ್ಕೆ 5,000 ಜನಸಂಖ್ಯೆ, ಅದರಲ್ಲಿ ವಯಸ್ಕರು 3,500 ಎಂದಿಟ್ಟುಕೊಂಡರೆ ಸುಮಾರು 370 ಮಂದಿ. ಈಗ ನಿಮ್ಮ ರಿಜಿಸ್ಟರ್ ತೆಗೆದು ಎಷ್ಟು ಹೆಸರಿವೆ ಎಣಿಸಿ. ಆಮೇಲೆ ಆ ಹೆಸರುಗಳನ್ನು ಓಣಿವಾರು ಬಿಡಿಸಿ: ಊರೊಳಗೆ ಎಷ್ಟು, ಕೇರಿಯಿಂದ ಎಷ್ಟು, ತಾಂಡಾದಿಂದ ಎಷ್ಟು, ಹೆಣ್ಣು ಎಷ್ಟು, ಮೂರನೇ ಭೇಟಿಗೆ ಬಂದವರು ಎಷ್ಟು. ಒಂದು ಹಾಳೆ, ಒಂದು ಮಧ್ಯಾಹ್ನ ಸಾಕು.

ಸೊನ್ನೆ ಕಂಡ ಕಡೆ ಕಾರಣ ಹುಡುಕಿ. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ತುಂಬುವ ಸಿಬ್ಯಾಕ್ ಎಂಬ ಆರೋಗ್ಯ ತಪಾಸಣಾ ಫಾರ್ಮಿನಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆಗಳಿವೆ, ಆದರೆ ಆ ಫಾರ್ಮು 30 ವರ್ಷ ದಾಟಿದವರಿಗೆ. ಇಪ್ಪತ್ತೆರಡರ ಸೊಸೆ ಅದರಲ್ಲಿ ಬರುವುದೇ ಇಲ್ಲ. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರು ಮನೆಭೇಟಿಯ ದಿನ ಸಿಗುವುದಿಲ್ಲ, ಹೋಗುವಾಗ ಕೈಯಲ್ಲಿದ್ದ ಮಾತ್ರೆ ಮುಗಿದರೆ ಅಲ್ಲಿ ಕೊಡುವವರಿಲ್ಲ. ಅಂಥವರಿಗೆ ಹೊರಡುವ ಮುನ್ನವೇ ವೈದ್ಯರಿಂದ ಚೀಟಿ ಬರೆಸಿಕೊಡಿ, ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆಯಾದ ಇಸಂಜೀವನಿಯಲ್ಲಿ ಮುಂದಿನ ಭೇಟಿ ಹೇಗೆಂದು ಅವರ ಫೋನಿನಲ್ಲೇ ತೋರಿಸಿ. ತಾಂಡಾದ ಹಿರಿಯ ಹೆಂಗಸರ ಮನದ ಮಾತು ಲಂಬಾಣಿಯಲ್ಲಿರುತ್ತದೆ. ಮನೆಯ ಮಗನನ್ನೋ ಸೊಸೆಯನ್ನೋ ದುಭಾಷಿಯಾಗಿ ಕೂರಿಸಿದರೆ ಹೇಳಬೇಕಾದ್ದನ್ನು ಹೇಳುವುದಿಲ್ಲ. ತಾಂಡಾದ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಗುಟ್ಟು ಕಾಯುವ ಬಗ್ಗೆ ಮೊದಲೇ ಹೇಳಿ ಜೊತೆಗಿಟ್ಟುಕೊಳ್ಳಿ. ಹಗಲಿನ ಓಪಿಡಿ ಎಂದರೆ ಕೂಲಿಯವರಿಗೆ ಒಂದು ದಿನದ ಪಗಾರ. ತಿಂಗಳಿಗೆ ಎರಡು ಸಂಜೆ ತಾಂಡಾದಲ್ಲೇ ಕೂತರೆ ನಿಮ್ಮ ಹಾಳೆಯ ಸೊನ್ನೆ ಬದಲಾಗುವುದನ್ನು ಆರು ತಿಂಗಳಲ್ಲಿ ನೋಡುತ್ತೀರಿ.

ಓದಿನ ರೂಪದಲ್ಲೂ ಬೇಕಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಎಂಬ ಆನ್‌ಲೈನ್ ತರಬೇತಿ ಉಚಿತ, ಇಂಗ್ಲಿಷ್‌ನಲ್ಲಿದೆ, ಮಾನಸಿಕ ಕಾಯಿಲೆಯವರ ಹಕ್ಕುಗಳ ಬಗ್ಗೆ ಚೆನ್ನಾಗಿ ಕಲಿಸುತ್ತದೆ. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿಯ ಯೋಚನೆ ಇದ್ದರೆ ಗದಗದ ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಅಂಗವೈಕಲ್ಯ ಹಕ್ಕುಗಳ 2016ರ ಕಾಯ್ದೆಯನ್ನೂ ಓದಿಕೊಳ್ಳಿ. ಅದರ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಬಹಳ ವರ್ಷದಿಂದ ಸ್ಕಿಜೋಫ್ರೇನಿಯಾ ಇರುವವರಿಗೆ ಯುಡಿಐಡಿ (ಅಂಗವೈಕಲ್ಯದ ಗುರುತಿನ) ಕಾರ್ಡ್ ಮಾಡಿಸಿಕೊಟ್ಟರೆ ಪಿಂಚಣಿಯ ದಾರಿಯೂ ತೆರೆಯಬಹುದು, ಮನೆಯವರು ಚಿಕಿತ್ಸೆ ಮುಂದುವರಿಸಲು ಅದೇ ಬಲ.

ಮೊದಲ ಹೆಜ್ಜೆಯಾಗಿ ಈ ವಾರವೇ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಒಂದು ಪುಟದ ಅರ್ಜಿ ಬರೆಯಿರಿ, ಪ್ರತಿಯನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗೆ ಕಳಿಸಿ. “ತರಬೇತಿ ಕೊಡಿಸಿ” ಎಂದಷ್ಟೇ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ತಿಂಗಳಿಗೆ ಒಂದು ಮಂಗಳವಾರ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಕೂರಲು ಅನುಮತಿ, ಅವತ್ತು ಕೇಂದ್ರ ನೋಡಿಕೊಳ್ಳುವವರ ಹೆಸರು, ನಿಮ್ಹಾನ್ಸ್ ಆನ್‌ಲೈನ್ ತರಗತಿಗೆ ಹೆಸರು ಶಿಫಾರಸು, ಈ ಮೂರನ್ನು ಕೇಳಿ. ಓಣಿವಾರು ಎಣಿಸಿದ ಆ ಹಾಳೆಯ ಒಂದು ಪ್ರತಿಯನ್ನು ಅರ್ಜಿಗೆ ಪಿನ್ ಮಾಡಿ.