ಎರಡು ಬೌಲಿಂಗ್ ಬಾಲ್, ಒಂದೇ ಲೇನ್: ತಿರುವು ಬೇರೆಯಾಗುವುದೇಕೆ?

ಪ್ರಶ್ನೆ: ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋದಾಗ ಟೆನ್‌ಪಿನ್ ಬೌಲಿಂಗ್ ಆಡುತ್ತೇನೆ. ನನ್ನ ಬಾಲಿನ ಹೊರಕವಚ ಪಾಲಿಶ್ ಮಾಡಿದ ರಿಯಾಕ್ಟಿವ್ ರೆಸಿನ್, ಗೆಳೆಯನದು ಹೊಳಪಿಲ್ಲದ (ಮ್ಯಾಟ್) ಯುರೆಥೇನ್. ಮೊದಲ ಗೇಮಿನಲ್ಲಿ ಅವನ ಬಾಲ್ ಹೆಚ್ಚು ತಿರುಗುತ್ತದೆ, ಮೂರನೆಯದರಲ್ಲಿ ನನ್ನದು. ಸರಿಯಾಗಿ ಹೋಲಿಸುವುದು ಹೇಗೆ?
– ಓದುಗರು, ಕಲಬುರಗಿ

ಉತ್ತರ: ನೀವು ಕಂಡದ್ದು ಎರಡೂ ನಿಜ, ನಡುವೆ ಬದಲಾದದ್ದು ಲೇನಿಗೆ, ಅಂದರೆ ಬಾಲ್ ಉರುಳುವ ಹಾದಿಗೆ, ಸವರಿದ ಎಣ್ಣೆ. ಎಸೆಯುವವರು ದಾಟಬಾರದ ಗೆರೆಯಿಂದ (ಫೌಲ್ ಲೈನ್) ಮೊದಲ ಪಿನ್ನಿಗೆ 60 ಅಡಿ. ಅದರಲ್ಲಿ ಸಾಮಾನ್ಯವಾಗಿ ಸುಮಾರು 40 ಅಡಿವರೆಗೆ ಎಣ್ಣೆ ಇರುತ್ತದೆ, ನಡುವೆ ದಪ್ಪ, ಅಂಚಿಗೆ ತೆಳು.

ನಿಮ್ಮೂರಿನ ಶಹಾಬಾದ್ ಕಲ್ಲನ್ನೇ ನೆನೆಯಿರಿ. ನೀರು ಬಿದ್ದಾಗ ಪಾಲಿಶ್ ಕಲ್ಲು ಕಾಲು ಜಾರಿಸುತ್ತದೆ, ಒರಟು ಕಲ್ಲು ಹಿಡಿಯುತ್ತದೆ. ಬಾಲಿನ ಮೈಯೂ ಹಾಗೆಯೇ. 500 ಗ್ರಿಟ್‌ನ ಒರಟು ಉಜ್ಜುಹಾಳೆಯಲ್ಲಿ ಉಜ್ಜಿದ ಯುರೆಥೇನ್ ತಾಜಾ ಎಣ್ಣೆಯಲ್ಲೂ ಬೇಗ ಕಚ್ಚಿ, ನಿಧಾನವಾಗಿ ಬಾಗುತ್ತದೆ. ಪಾಲಿಶ್ ಆದ ರಿಯಾಕ್ಟಿವ್ ಅಲ್ಲಿ ಜಾರಿಕೊಂಡೇ ಹೋಗುತ್ತದೆ. ಎಣ್ಣೆ ಸವೆದು ಒಣ ಜಾಗ ಸಿಕ್ಕಾಗ ಚುರುಕಾಗಿ ತಿರುಗುತ್ತದೆ. ನಿಮ್ಮ ಮೂರನೇ ಗೇಮಿನಲ್ಲಿ ಆದದ್ದು ಅದು. ಅಷ್ಟರಲ್ಲಿ ಯುರೆಥೇನ್ ತನ್ನ ಬಲವನ್ನು ಮುಂಚೆಯೇ ಖರ್ಚು ಮಾಡಿ ಪಿನ್ನಿಗೆ ಸಪ್ಪೆಯಾಗಿ ತಾಗಿರುತ್ತದೆ.

ಹೋಲಿಸುವಾಗ ಬಹುತೇಕರು ಒಂದು ಬಾಲನ್ನು ಹತ್ತು ಸಲ ಉರುಳಿಸಿ, ಆಮೇಲೆ ಇನ್ನೊಂದನ್ನು ಎತ್ತುತ್ತಾರೆ. ಅದೇ ತಪ್ಪು. ಮೊದಲನೆಯದು ಎಣ್ಣೆ ತಿಂದ ದಾರಿಯಲ್ಲಿ ಎರಡನೆಯದು ಓಡುತ್ತದೆ. ಒಂದಾದ ಮೇಲೆ ಒಂದರಂತೆ ಬದಲಿಸುತ್ತ, ಒಬ್ಬರೇ, ಒಂದೇ ವೇಗದಲ್ಲಿ ಎಸೆಯಿರಿ. ಲೇನಿನ ಮೇಲಿನ ಬಾಣದ ಗುರುತುಗಳಲ್ಲಿ ನೀವು ಎಸೆಯುವ ಕೈಯ ಬದಿಯ ಅಂಚಿನಿಂದ ಎರಡನೆಯದರ ಮೇಲೆ, ಅಂದರೆ ಲೇನಿನ ಉದ್ದಕ್ಕೂ ಇರುವ ಕಿರು ಪಟ್ಟಿಗಳಲ್ಲಿ 10ನೆಯದರ ಮೇಲೆ ಹಾಯಿಸಿ. ಎರಡು ಪಟ್ಟಿ ತಪ್ಪಿದರೂ ಆ ಎಸೆತ ಲೆಕ್ಕಕ್ಕಿಲ್ಲ, ಏಕೆಂದರೆ ಅಲ್ಲಿ ಎಣ್ಣೆಯ ದಪ್ಪವೇ ಬೇರೆ. ಪಿನ್ ಎಷ್ಟು ಬಿದ್ದವು ಎಂಬುದನ್ನು ಬಿಡಿ. ಬಾಲ್ ಎಲ್ಲಿ ತಿರುಗಲು ಶುರುಮಾಡಿತು, ಯಾವ ಪಟ್ಟಿಯವರೆಗೆ ಹೊರಗೆ ಹೋಯಿತು ಎಂದು ಬರೆದುಕೊಳ್ಳಿ.

ಬಾಲ್ ವಾಪಸ್ ಬಂದಾಗ ಒರೆಸುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಎಣ್ಣೆಯ ತೆಳು ಉಂಗುರಗಳು ಕಾಣುತ್ತವೆ. ಅವು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಪ್ರತಿ ಸುತ್ತಿನಲ್ಲೂ ಹೊಸ ಒಣ ಮೈ ಲೇನಿಗೆ ತಾಗಿದೆ, ಹಿಡಿತ ಹೆಚ್ಚು. ಒಂದರ ಮೇಲೊಂದು ಕೂತಿದ್ದರೆ ಕಡಿಮೆ. ನೋಡಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ತಪ್ಪದೆ ಒರೆಸಿ.

ಬೇಸಿಗೆಯಲ್ಲಿ ಬಾಲನ್ನು ಕಾರಿನ ಡಿಕ್ಕಿಯಲ್ಲಿ ಬಿಡಲೇಬೇಡಿ. ಕಲಬುರಗಿಯ ಬಿಸಿಲಿಗೆ ಹೀರಿದ ಎಣ್ಣೆ ಹೊರಬಂದು ಮೈ ಅಂಟಂಟಾಗುತ್ತದೆ. ಬಿಸಿ–ತಂಪಿನ ಏರಿಳಿತಕ್ಕೆ ಹೊರಕವಚ ಬಿರುಕು ಬಿಡಲೂಬಹುದು.