ಅರ್ಜೆಂಟು ಮಗಳದ್ದು, ಅವಮಾನ ಅಮ್ಮನೊಬ್ಬಳದ್ದೇ?

ನಮಸ್ತೆ. ನನಗೆ ನಾಲ್ಕು ವರ್ಷದ ಮಗಳು. ಮನೆಯಲ್ಲಿ ಒಂದಕ್ಕೆ, ಎರಡಕ್ಕೆ ಎಲ್ಲ ತಾನೇ ಹೇಳುತ್ತಾಳೆ. ಹೊರಗೆ ಹೋದರೆ ಮಾತ್ರ ಫಜೀತಿ. ಹೊರಡುವಾಗ ಕೇಳಿದರೆ "ಬರ್ತಿಲ್ಲ" ಅಂತಾಳೆ, ಬಸ್ಸು ಊರು ದಾಟುವಷ್ಟರಲ್ಲಿ "ಅಮ್ಮಾ ಅರ್ಜೆಂಟು" ಅಂತ ಕಾಲು ಹೊಸೆಯುತ್ತಾಳೆ. ಹೋದ ತಿಂಗಳು ಗಾಂಧಿ ಬಜಾರಿನಲ್ಲಿ ಮದುವೆ ಜವಳಿ ಕೊಳ್ಳುವಾಗ ಬೇರೆ ದಾರಿ ಕಾಣದೆ ಒಂದು ಅಂಗಡಿ ಪಕ್ಕದ ಚರಂಡಿ ಹತ್ತಿರ ಕೂರಿಸಿದೆ. ಅಂಗಡಿಯವರು ಎಲ್ಲರೆದುರು ಕೂಗಾಡಿದರು. ಅವಳು ಹೆದರಿ ಅರ್ಧಕ್ಕೇ ಎದ್ದಳು, ಫ್ರಾಕೆಲ್ಲ ಒದ್ದೆ. ನಮ್ಮವರು ನಮ್ಮ ಜೊತೆ ಬಂದವರೇ ಅಲ್ಲವೆಂಬಂತೆ ನಾಲ್ಕು ಅಂಗಡಿ ಆಚೆ ಹೋಗಿ ನಿಂತಿದ್ದರು. "ನಾಲ್ಕು ಮಕ್ಕಳನ್ನ ಸಾಕಿದೀನಿ, ಒಂದಿನ ಹೀಗೆ ಮಾನ ಕಳ್ಕೊಂಡಿಲ್ಲ. ಡೈಪರ್ ಹಾಕು, ಹೊರಡೋ ಮುಂಚೆ ನೀರು ಕೊಡಬೇಡ" ಅಂದರು ಅತ್ತೆ. ಅವತ್ತಿನಿಂದ ಮಗಳು ಹೊರಗೆ ಎಲ್ಲೂ ಹೋಗುತ್ತಿಲ್ಲ. ಸ್ಕೂಲಿನಲ್ಲೂ ಕಟ್ಟಿಕೊಂಡೇ ಇದ್ದು ಮನೆಗೆ ಬಂದು ಓಡುತ್ತಾಳೆ. ಎರಡಕ್ಕೆ ಮೊದಲೂ ಮೂರು ದಿನಕ್ಕೊಮ್ಮೆ ಹೋಗುತ್ತಿದ್ದಳು, ಈಗ ಇನ್ನೂ ತಡ. ಮುಂದಿನ ತಿಂಗಳು ಮನೆಮಂದಿಯೆಲ್ಲ ಟೆಂಪೊ ಟ್ರಾವೆಲರ್ ಮಾಡಿಕೊಂಡು ಸಿಗಂದೂರು, ಜೋಗಕ್ಕೆ ಹೊರಟಿದ್ದಾರೆ. ನಾನೂ ಮಗಳೂ ಮನೆಯಲ್ಲೇ ಉಳಿಯೋದು ವಾಸಿ ಅನ್ನಿಸಿದೆ. ಟೀಚರ್ ಹತ್ತಿರ ಹೇಳೋದಕ್ಕೂ ಸಂಕೋಚ. ಏನು ಮಾಡಲಿ?
— ಹೆಸರು ಬೇಡ, ಶಿವಮೊಗ್ಗ

ಉಳಿಯಬೇಡಿ, ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ. ನೀವಿಬ್ಬರೂ ಮನೆಯಲ್ಲಿ ಉಳಿದರೆ ಉಳಿದವರ ಪ್ರವಾಸ ಸುಸೂತ್ರವಾಗುತ್ತದೆ, ನಿಜ. ಆದರೆ ತನ್ನಿಂದಾಗಿ ಅಮ್ಮ ಹೋಗಲಿಲ್ಲ ಅನ್ನೋದು ನಾಲ್ಕು ವರ್ಷದವಳಿಗೂ ಗೊತ್ತಾಗುತ್ತದೆ.

ನಿಮ್ಮ ಪತ್ರದಲ್ಲಿ ನೀವು ಹೆಚ್ಚು ಬರೆದಿದ್ದು ಅಂಗಡಿಯವರ ಕೂಗಾಟದ ಬಗ್ಗೆ. ನನ್ನ ಕಣ್ಣು ನಿಂತಿದ್ದು ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಸಾಲಿನ ಮೇಲೆ: "ಎರಡಕ್ಕೆ ಮೂರು ದಿನಕ್ಕೊಮ್ಮೆ". ಹೊಟ್ಟೆಯೊಳಗೆ ಮೂತ್ರಕೋಶದ ಬೆನ್ನಿಗೇ ಮಲದ ಚೀಲ ಇದೆ. ಅಲ್ಲಿ ಮೂರು ದಿನದ್ದು ಗಟ್ಟಿಯಾಗಿ ಕೂತರೆ ಅದು ಮುಂದಕ್ಕೆ ಒತ್ತುತ್ತದೆ, ಮೂತ್ರಕೋಶಕ್ಕೆ ತುಂಬಿಕೊಳ್ಳಲು ಜಾಗ ಕಡಿಮೆಯಾಗುತ್ತದೆ. ಹಾಗಾಗಿ ಪದೇ ಪದೇ ಬರುತ್ತದೆ, ಬಂದಾಗ ತಡೆಯಲಾಗದಷ್ಟು ಜೋರಾಗಿ ಬರುತ್ತದೆ. ಹಟ, ಸೋಮಾರಿತನ ಅಂತ ಮನೆಯವರು ಬೈಯುವ ಎಷ್ಟೋ "ಅರ್ಜೆಂಟು"ಗಳ ಹಿಂದೆ ಇರುವುದು ಮಲಬದ್ಧತೆ. ಮಕ್ಕಳ ಡಾಕ್ಟರ ಹತ್ತಿರ ಮೊದಲು ಕೇಳಬೇಕಾದ್ದು ಇದನ್ನೇ. ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗವಾದರೂ ಸರಿ, ನಿಮ್ಮ ಮಾಮೂಲಿ ಡಾಕ್ಟರಾದರೂ ಸರಿ, ಪ್ರವಾಸಕ್ಕೆ ಮುಂಚೆಯೇ ಒಮ್ಮೆ ತೋರಿಸಿ. ಉರಿಯುತ್ತದೆ ಅಂದರೆ, ಜ್ವರ ಬಂದರೆ, ಮೂತ್ರ ವಾಸನೆ ಹೊಡೆದರೆ, ಕೆಂಪಾಗಿ ಕಂಡರೆ ಪ್ರವಾಸದ ಮಾತು ಬಿಡಿ, ಅವತ್ತೇ ಹೋಗಬೇಕು. ಕಟ್ಟಿಕೊಳ್ಳುವ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೂತ್ರದ ಸೋಂಕು ಬೇಗ ಅಂಟುತ್ತದೆ.

ಡಾಕ್ಟರು ಔಷಧ ಕೊಟ್ಟರೆ ಅವರು ಹೇಳಿದಷ್ಟು ದಿನವೂ ಕೊಡಿ, ಒಮ್ಮೆ ಸರಾಗವಾಯಿತು ಅಂತ ನಿಲ್ಲಿಸಬೇಡಿ. ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಬಿಸ್ಕತ್ತು, ಲೋಟಗಟ್ಟಲೆ ಹಾಲು ಕಡಿಮೆ. ಪುಟ್ಟಬಾಳೆ, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ, ಸೊಪ್ಪಿನ ಸಾರು ಜಾಸ್ತಿ. ಬೆಳಿಗ್ಗೆ ತಿಂಡಿಯಾದ ಕಾಲು ಗಂಟೆಗೆ ಅವಳನ್ನು ಐದು ನಿಮಿಷ ಕೂರಿಸಿ. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿನಲ್ಲಿ ಯೂನಿಫಾರಂ ಹಾಕಿ, ಜಡೆ ಹಾಕಿ, ಆಟೋ ಬಂತು ಅಂತ ಓಡಿಸುವುದೇ ನಮ್ಮ ಮನೆಗಳ ರೂಢಿ. ಅರ್ಧ ಗಂಟೆ ಮುಂಚೆ ಎಬ್ಬಿಸಿ. ಕಮೋಡಿನ ಮೇಲೆ ಕೂತರೆ ಕಾಲು ಜೋತಾಡದಂತೆ ಕೆಳಗೆ ಮಣೆ ಇಡಿ. ಕಾಲಿಗೆ ಆಧಾರ ಸಿಗದ ಮಗು ಹೊಟ್ಟೆ ಸಡಿಲ ಬಿಡಲಾರದು.

ನೀರಿನ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತು ಕೇಳಬೇಡಿ. ನೀರು ಕಡಿಮೆಯಾದರೆ ಮಲ ಇನ್ನೂ ಗಟ್ಟಿ, ಮೂತ್ರ ಇನ್ನೂ ಉರಿ. ಮಕ್ಕಳ ಮೂತ್ರಕೋಶ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ಡಾಕ್ಟರುಗಳು ಬಳಸುವ ಸರಳ ಲೆಕ್ಕ ಒಂದಿದೆ: ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಬರುವಷ್ಟು ಮಿಲಿಲೀಟರ್. ನಿಮ್ಮ ಮಗಳಿಗೆ 150. ಒಂದು ಕಾಫಿ ಲೋಟ, ಅಷ್ಟೇ. ಅದರ ಮೇಲೆ ನಮ್ಮ ಮಳೆಗಾಲದ ಥಂಡಿ. ಬೆವರು ಇಲ್ಲದ ದಿನ ಕುಡಿದದ್ದರಲ್ಲಿ ಹೆಚ್ಚಿನದು ಮೂತ್ರವಾಗಿಯೇ ಹೋಗಬೇಕು. ಬೇಸಿಗೆಯಲ್ಲಿ ಸುಮ್ಮನಿರುವ ಮಗು ಆಷಾಢದಲ್ಲಿ ಎರಡು ಪಟ್ಟು ಓಡಾಡಿದರೆ ಅದಕ್ಕೆ ಬೈದು ಫಲವೇನು?

ಅತ್ತೆಯವರ ಮೇಲೆ ಬೇಸರಪಟ್ಟುಕೊಳ್ಳಬೇಡಿ, ಅವರು ಸುಳ್ಳು ಹೇಳುತ್ತಿಲ್ಲ. ತೋಟದ ಮನೆಯಲ್ಲಿ ನಾಲ್ಕು ಮಕ್ಕಳನ್ನು ಸಾಕಿದವರಿಗೆ ಈ ಸಮಸ್ಯೆ ಇರಲೇ ಇಲ್ಲ. ಹಿತ್ತಲಿತ್ತು, ಅಡಿಕೆ ಮರದ ಬುಡವಿತ್ತು, ಅಂಗಳದ ಮೂಲೆಯಿತ್ತು. ಮಗು ಎಲ್ಲಿ ಕೂತರೂ ಒಂದು ಚೊಂಬು ನೀರು ಹೊಯ್ದರೆ ಮುಗಿಯಿತು. ಪೇಟೆಗೆ ಮಕ್ಕಳನ್ನು ಕರೆದುಕೊಂಡು ಬಂದದ್ದು ವರ್ಷಕ್ಕೆ ಎಷ್ಟು ಸಲ, ಕೇಳಿ ನೋಡಿ. ಸಿಟ್ಟಿನಿಂದಲ್ಲ, ಕುತೂಹಲದಿಂದ ಕೇಳಿ. ಆಗ ಬಸ್ಸಿನಲ್ಲಿ ಏನು ಮಾಡುತ್ತಿದ್ದಿರಿ ಅಂತಲೂ ಕೇಳಿ. ಒಂದೆರಡು ಕಥೆ ಖಂಡಿತ ಹೊರಬರುತ್ತವೆ, ಮಾನ ಕಳೆದದ್ದೂ ಸೇರಿ.

ಡೈಪರ್ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಾಗ ಮಗುವಿಗೆ ಹೇಳಿ, ಅದು ಒಪ್ಪಿ ಹಾಕಿಕೊಂಡರೆ ಏನೂ ತಪ್ಪಿಲ್ಲ. ಹಗಲಲ್ಲಿ ಬಾಯಿಬಿಟ್ಟು ಕೇಳುವುದನ್ನು ಕಲಿತ ಮಗುವಿಗೆ ಶಿಕ್ಷೆಯ ಹಾಗೆ ತೊಡಿಸುವುದು ಬೇಡ. ನೀನು ಹೇಳಿದರೂ ನಾವು ಕೇಳುವುದಿಲ್ಲ ಅಂತ ಅದರ ಅರ್ಥವಾಗುತ್ತದೆ.

ಈಗ ಗಾಂಧಿ ಬಜಾರ್. ಅಂಗಡಿಯವರ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವಿದೆ. ದಿನಾ ಹತ್ತು ಜನ ಅದೇ ಮೂಲೆಗೆ ಬಂದು ನಿಂತರೆ ಯಾರಿಗಾದರೂ ತಲೆ ಕೆಡುತ್ತದೆ, ಅದರಲ್ಲಿ ಒಂಬತ್ತು ಜನ ದೊಡ್ಡ ಗಂಡಸರೇ ಆಗಿದ್ದರೂ ಬೈಗುಳ ಸಿಕ್ಕಿದ್ದು ನಿಮಗೆ. ಕೂಗಾಡಿದ ರೀತಿ ಮಾತ್ರ ಖಂಡಿತ ತಪ್ಪು. ಮುಂದಿನ ಸಲ ಚರಂಡಿ ಹುಡುಕುವ ಮುಂಚೆ ಬಾಯಿಬಿಟ್ಟು ಕೇಳಿ. ನೀವು ಸೀರೆ ನೋಡುತ್ತಿದ್ದ ಜವಳಿ ಅಂಗಡಿಯಲ್ಲೇ ಕೆಲಸದ ಹುಡುಗಿಯರಿಗೆ ಒಂದು ಟಾಯ್ಲೆಟ್ ಇದ್ದೇ ಇರುತ್ತದೆ. "ಅಕ್ಕಾ, ಮಗೂಗೆ ಅರ್ಜೆಂಟು, ಒಂದ್ನಿಮಿಷ" ಅಂದರೆ ಗಿರಾಕಿಯನ್ನು ವಾಪಸ್ ಕಳಿಸುವವರು ಅಪರೂಪ. ಹೋಟೆಲಾದರೆ ಸಪ್ಲೈಯರನ್ನು ಕೇಳಬೇಡಿ, ನೇರ ಗಲ್ಲಾಕ್ಕೆ ಹೋಗಿ. ಕ್ಲಿನಿಕ್ಕು, ನರ್ಸಿಂಗ್ ಹೋಂ, ಮೆಡಿಕಲ್ ಶಾಪ್ ಪಕ್ಕದ ಲ್ಯಾಬು, ಕಲ್ಯಾಣ ಮಂಟಪ ಎಲ್ಲವೂ ಲೆಕ್ಕಕ್ಕಿರಲಿ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಇರಬೇಕೆಂಬುದು ತೈಲ ಕಂಪನಿಗಳದೇ ನಿಯಮ. ಬೀಗ ಹಾಕಿದ್ದರೆ ಕೀ ಕೇಳಿ, ನಾಚಿಕೊಳ್ಳಬೇಡಿ. ಕೇಳುವ ಕೆಲಸವನ್ನು ನಿಮ್ಮವರು ಮಾಡಲಿ.

ಹೌದು, ನಾಲ್ಕು ಅಂಗಡಿ ಆಚೆ ನಿಂತವರ ಬಗ್ಗೆಯೇ ಹೇಳುತ್ತಿದ್ದೇನೆ. ಅವರಿಗೆ ಈ ಭಾಗವನ್ನು ಓದಿ ಹೇಳಿ. ಸ್ವಾಮಿ, ಮಗಳನ್ನು ಲೇಡೀಸ್ ಕಡೆ ಕರೆದುಕೊಂಡು ಹೋಗಲು ನಿಮಗಾಗುವುದಿಲ್ಲ, ಒಪ್ಪೋಣ. ಚೀಲ ಹೊರಲು, ಗಲ್ಲಾದವರನ್ನು ಕೇಳಲು, ಡ್ರೈವರಿಗೆ ನಿಲ್ಲಿಸಿ ಅನ್ನಲು, ಯಾರಾದರೂ ಕೂಗಾಡಿದರೆ "ಮಗು ಸಾರ್, ನೀರು ಹಾಕಿ ತೊಳೀತೀವಿ" ಅಂತ ಮುಂದೆ ನಿಲ್ಲಲು ಯಾವ ಅಡ್ಡಿಯೂ ಇಲ್ಲ. ಹೊರಡುವ ದಿನ ಟ್ರಾವೆಲರ್ ಡ್ರೈವರಿಗೆ ಮೊದಲೇ ಹೇಳಿ ಇಡುವುದು ನಿಮ್ಮ ಪಾಲು.

ಮಗಳ ಹೆದರಿಕೆಯ ವಿಷಯಕ್ಕೆ ಬರೋಣ. ಅವಳ ಮಟ್ಟಿಗೆ ಅವತ್ತು ಆದದ್ದು ಏನು? ಹೇಳು ಹೇಳು ಅಂತ ಕಲಿಸಿದ್ದನ್ನು ಹೇಳಿದಳು, ಅಮ್ಮ ಕೂರಿಸಿದ ಕಡೆ ಕೂತಳು, ಯಾರೋ ಗದರಿದರು. ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ನೇರವಾಗಿ ಹೇಳಿ: "ಆ ಮಾಮ ಬೈದಿದ್ದು ನಿನಗಲ್ಲ, ನಂಗೆ. ನೀನು ಸರಿಯಾಗಿ ಹೇಳ್ದೆ." ಒಮ್ಮೆ ಹೇಳಿದರೆ ಸಾಲದು, ಆಗಾಗ ಹೇಳಿ. ಇನ್ನೊಂದು ಸಲ ಹೊರಗೆ ಹೋಗಲು ಅವಳಿಗೆ ಧೈರ್ಯ ಬರಬೇಕಾದರೆ ಪರಿಚಿತ ಜಾಗದಿಂದ ಶುರು ಮಾಡಿ. ದೊಡ್ಡಮ್ಮನ ಮನೆ, ಆಮೇಲೆ ಪಕ್ಕದ ಬೀದಿಯ ಗೆಳತಿಯ ಮನೆ, ಆಮೇಲೆ ದೋಸೆ ತಿನ್ನಲು ಹೋದ ಹೋಟೆಲು. ನೀರು ಸುರಿಯುವ ಸದ್ದಿಗೆ ಹೆದರುವ ಮಕ್ಕಳಿದ್ದಾರೆ, ಅವಳು ಹೊರಗೆ ಬಂದ ಮೇಲೆ ಫ್ಲಶ್ ಮಾಡಿ. ಮಾಡದಿದ್ದರೂ ಮುಖ ಸಣ್ಣ ಮಾಡಿಕೊಳ್ಳಬೇಡಿ. ಮಾಡಿದರೆ ಚಪ್ಪಾಳೆ, ಚಾಕ್ಲೇಟು ಅಂತ ಹಬ್ಬ ಮಾಡುವುದೂ ಬೇಡ.

ಹೊರಡುವಾಗ "ಬರ್ತಿದೆಯಾ?" ಅಂತ ಕೇಳುವುದನ್ನು ನಿಲ್ಲಿಸಿ. ಆಟದಲ್ಲಿ ಮುಳುಗಿರುವ ಮಗು ಇಲ್ಲ ಅಂತಲೇ ಅನ್ನುತ್ತದೆ, ಅದಕ್ಕೆ ನಿಜಕ್ಕೂ ಗೊತ್ತಾಗಿರುವುದಿಲ್ಲ. "ಬಾ, ಹೋಗಿ ಬರೋಣ" ಅನ್ನಿ, ಜೊತೆಗೆ ನೀವೂ ಹೋಗಿ. ಇದನ್ನು ಎರಡು ಗಂಟೆಗೊಮ್ಮೆ ಮಾಡಿದರೆ ಸಾಕು. ಹೆದರಿಕೊಂಡು ಅರ್ಧ ಗಂಟೆಗೊಮ್ಮೆ ಕೂರಿಸಿದರೆ ಮೂತ್ರಕೋಶ ಸ್ವಲ್ಪಕ್ಕೇ ಕರೆಯುವುದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ.

ಸಿಗಂದೂರಿನ ದಿನ ಹೀಗೆ ಯೋಚಿಸಿ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರು, ಮಳೆಯಲ್ಲಿ ಎರಡು ಗಂಟೆ ಹತ್ತಿರ ಹತ್ತಿರ. ನಡುವೆ ಆನಂದಪುರದಲ್ಲಿ ಚಹಾದ ನೆವ ಮಾಡಿ ಒಮ್ಮೆ ಇಳಿಯಿರಿ. ತಿಂಡಿ ಸಾಗರದಲ್ಲಿಟ್ಟುಕೊಳ್ಳಿ, ತಿಂದ ಕೂಡಲೇ ಗಾಡಿ ಹತ್ತಬೇಡಿ. ಆ ಕಾಲು ಗಂಟೆ ಅವಳಿಗೆ ಬೇಕು, ಸಾಗರ ದಾಟಿದ ಮೇಲೆ ಕಾಡಿನ ದಾರಿ, ಹೋಟೆಲು ಕಡಿಮೆ. ಮೊದಲಾದರೆ ಹಿನ್ನೀರು ದಾಟಲು ಹೊಳೆಬಾಗಿಲಲ್ಲಿ ಲಾಂಚಿಗೆ ಕ್ಯೂ ನಿಂತು ಮಕ್ಕಳ ಗೋಳು ಕೇಳಬೇಕಿತ್ತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾಯಿತು, ಆ ಕಾಯುವಿಕೆ ತಪ್ಪಿತು. ದೇವಸ್ಥಾನದಲ್ಲಿ ದರ್ಶನದ ಸಾಲಿಗೆ ಸೇರುವ ಮುಂಚೆ ಕರೆದುಕೊಂಡು ಹೋಗಿ, ಸಾಲಿನ ಮಧ್ಯದಿಂದ ಹೊರಬರುವುದು ಕಷ್ಟ.

ದಾರಿಯಲ್ಲಿ ನಿಲ್ಲಿಸಲೇಬೇಕಾಗಿ ಬಂದರೆ ತಿರುವಿನಲ್ಲಿ ಬೇಡ, ಎರಡೂ ಕಡೆ ಗಾಡಿ ಕಾಣುವ ನೇರ ರಸ್ತೆ ನೋಡಿ. ಹುಲ್ಲಿಗೆ ಇಳಿಸಬೇಡಿ. ಈ ಮಳೆಯಲ್ಲಿ ಉಂಬಳ (ಜಿಗಣೆ) ಹತ್ತುವುದಕ್ಕೆ ಅರ್ಧ ನಿಮಿಷ ಸಾಕು, ಕೂತಾಗ ಹತ್ತಿದರೆ ಮತ್ತೆಂದೂ ಆ ಮಗು ರಸ್ತೆ ಬದಿ ಕೂರಲಾರದು. ಬೇಸಿಗೆಯಲ್ಲೂ ಇದೇ ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಚಳಿ ಮುಗಿದು ಒಣಗುವ ತಿಂಗಳುಗಳಲ್ಲಿ ಒಣ ಎಲೆಯ ದರಗಿನ ಮೇಲೆ ಮಕ್ಕಳನ್ನು ಕೂರಿಸುವ ಹಾಗಿಲ್ಲ. ಜಲ್ಲಿ ಇರುವ ಕಡೆ ಬಾಗಿಲು ತೆರೆದು, ಗಾಡಿಯ ಮರೆಯಲ್ಲೇ ಮುಗಿಸಿ. ಚಡ್ಡಿಯನ್ನು ಮಂಡಿಗೆ ಇಳಿಸಿದರೆ ಒದ್ದೆಯಾಗುತ್ತದೆ, ಒಂದು ಕಾಲಿನಿಂದ ಪೂರ್ತಿ ತೆಗೆಯಿರಿ. ನೀವು ಕುಕ್ಕರುಗಾಲಲ್ಲಿ ಕೂತು, ಅವಳ ಬೆನ್ನು ನಿಮ್ಮ ಎದೆಗೆ ಆನಿಸಿ, ಎರಡೂ ತೊಡೆಯ ಕೆಳಗೆ ಕೈಕೊಟ್ಟು ಎತ್ತಿ ಹಿಡಿಯಿರಿ. ಎದುರು ನಿಮ್ಮವರು ದೊಡ್ಡ ಕೊಡೆ ಬಿಚ್ಚಿ ಬಾಗಿಸಿ ಹಿಡಿದು, ಮುಖ ರಸ್ತೆ ಕಡೆ ತಿರುಗಿಸಿ ನಿಲ್ಲಲಿ. ಅವಸರ ಮಾಡಬೇಡಿ, ಅರ್ಧಕ್ಕೆ ಎದ್ದರೆ ಹತ್ತು ನಿಮಿಷಕ್ಕೆ ಮತ್ತೆ ನಿಲ್ಲಿಸಬೇಕು. ಒರೆಸುವುದು, ತೊಳೆಯುವುದು ಮುಂದಿನಿಂದ ಹಿಂದಕ್ಕೆ. ಎರಡಕ್ಕಾದರೆ ಕೆಳಗೆ ಪೇಪರ್ ಹಾಸಿ, ಸುತ್ತಿ ಕವರಿಗೆ ಹಾಕಿ ಜೊತೆಗೇ ತನ್ನಿ. ಅಷ್ಟಕ್ಕೆ ಬೇಕಾದ್ದು ಒಂದು ಬಟ್ಟೆ ಚೀಲ. ಅದರಲ್ಲಿ ಎರಡು ಚಡ್ಡಿ, ಒಂದು ಫ್ರಾಕು, ಹಳೇ ಪಂಚೆಯ ತುಂಡು, ಗಟ್ಟಿ ಪ್ಲಾಸ್ಟಿಕ್ ಕವರು, ಕುಡಿಯುವುದಕ್ಕಲ್ಲದ ಇನ್ನೊಂದು ಬಾಟಲಿ ನೀರು. ಚೀಲ ಸೀಟಿನ ಕೆಳಗಿರಲಿ, ಡಿಕ್ಕಿಯಲ್ಲಿ ಉಳಿದವರ ಲಗೇಜಿನಡಿ ಸಿಕ್ಕಿಕೊಂಡರೆ ಇದ್ದೂ ಇಲ್ಲದಂತೆ.

ಇಷ್ಟೆಲ್ಲ ಮಾಡಿಯೂ ಒದ್ದೆಯಾಗಬಹುದು. ಆಗ ಬಟ್ಟೆ ಬದಲಿಸಿ, ಮಾತು ಬದಲಿಸಿ, ಮುಂದೆ ಹೊರಡಿ. ಗಾಡಿಯಲ್ಲಿ ಯಾರಾದರೂ ನಕ್ಕರೆ ಅತ್ತೆಯವರೇ ಗದರಲಿ. ಈ ಕೆಲಸವನ್ನು ಅವರಿಗೆ ಮೊದಲೇ ವಹಿಸಿ ನೋಡಿ, ಚೆನ್ನಾಗಿ ಮಾಡುತ್ತಾರೆ.

ಟೀಚರಿಗೆ ಹೇಳಲೇಬೇಕು, ಸೋಮವಾರವೇ ಹೇಳಿ. ಡೈರಿಯಲ್ಲಿ ಬರೆಯುವುದಕ್ಕಿಂತ ಗೇಟಿನ ಹತ್ತಿರ ನಿಂತು ಎರಡು ಮಾತು: "ಹೊರಗೆ ಒಂದು ಸಲ ಹೆದರಿದ್ದಾಳೆ ಮಿಸ್, ಕಟ್ಟಿಕೊಳ್ತಾಳೆ. ಇಂಟರ್‌ವಲ್‌ನಲ್ಲಿ ಆಯಾನ ಜೊತೆ ಕಳಿಸ್ತೀರಾ? ಕೇಳಿದಾಗ ಆಮೇಲೆ ಹೋಗು ಅನ್ಬೇಡಿ." ನಂತರ ಆಯಾ ಯಾರು ಅಂತ ಮಗಳಿಗೆ ತೋರಿಸಿ, ಹೆಸರು ಹೇಳಿಕೊಡಿ. ಟಾಯ್ಲೆಟ್ ಒಳಗೆ ಒಮ್ಮೆ ನೀವೇ ಹೋಗಿ ನೋಡಿ. ಚಿಲಕ ಅವಳ ಕೈಗೆ ಎಟುಕುತ್ತದೆಯೇ, ಬಕೆಟ್ಟಿನಲ್ಲಿ ಮಗ್ಗು ಇದೆಯೇ, ಒಳಗೆ ಬೆಳಕಿದೆಯೇ. ಕತ್ತಲಿದ್ದರೆ ಬಾಗಿಲು ಅರ್ಧ ತೆರೆದಿಟ್ಟು ಹೊರಗೆ ನಿಲ್ಲುವಂತೆ ಆಯಾಗೆ ಹೇಳಿ.