ಮುತ್ಯಾನ ಟ್ರಂಕಿನ ಉರ್ದು ಬೈನಾಮಾ

ಪ್ರಶ್ನೆ: ಕಾಕಾ, ನಮ್ಮ ಮುತ್ಯಾನ ಟ್ರಂಕಿನಲ್ಲಿ ಹೊಲ ಕೊಂಡ ಉರ್ದು ಬೈನಾಮಾ (ಕ್ರಯಪತ್ರ) ಸಿಕ್ಕಿದೆ. ತಾರೀಖು 7 ಬಹಮನ್ 1342. ಸರ್ವೆ ನಂಬರ್ ಇರುವ ಜಾಗವನ್ನೇ ಹುಳ ತಿಂದಿದೆ. ಇದು ಯಾವ ಹೊಲ, ಮೊದಲು ಯಾರದಿತ್ತು ಅಂತ ಹುಡುಕೋದು ಹೇಗೆ?
– ಓದುಗ, ಆಳಂದ ತಾಲ್ಲೂಕು

ಉತ್ತರ: ತಮ್ಮಾ, ಮೊದಲು ತಾರೀಖು ಬಿಡಿಸೋಣ. ಬಹಮನ್ ಅಂತ ಇದ್ದರೆ ಅದು ನಿಜಾಮರ ಕಾಲದ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ. 590 ಕೂಡಿಸು, 1932 ಬರುತ್ತೆ. ಆ ವರ್ಷ ಅಕ್ಟೋಬರಿಗೆ ಶುರು, ಬಹಮನ್ ಮೂರನೇ ತಿಂಗಳು. ಅಂದರೆ ಡಿಸೆಂಬರ್. ಇದನ್ನೇ ಹಿಜರಿ ಅಂತ ಹಿಡಿದರೆ 1923ಕ್ಕೆ ಹೋಗ್ತೀಯ, ಹುಷಾರು.

ನಂಬರ್ ಹೋದರೆ ಹೋಗಲಿ. ನಾನು ಕಲಬುರಗಿಯಲ್ಲಿ ಬಾಂಡ್ ಬರೆಯುತ್ತಿದ್ದಾಗ ಹಳೇ ಕಾಗದ ಬಂದರೆ ಮೊದಲು ನೋಡುತ್ತಿದ್ದದ್ದೇ ಚಕ್ಕುಬಂದಿ, ಅಂದರೆ ಹೊಲದ ನಾಲ್ಕೂ ದಿಕ್ಕಿನ ಗಡಿ. ಶರ್ಕ್ ಅಂದರೆ ಪೂರ್ವ, ಗರ್ಬ್ ಪಶ್ಚಿಮ, ಶಿಮಾಲ್ ಉತ್ತರ, ಜುನೂಬ್ ದಕ್ಷಿಣ. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಇಂಥವರ ಹೊಲ ಅಂತ ಇರುತ್ತೆ. ಹಳ್ಳ ಎಲ್ಲಿಗೂ ಓಡಿಹೋಗಿರಲ್ಲ. ಉತ್ತರದ ಹೊಲದವರ ಮೊಮ್ಮಕ್ಕಳನ್ನು ಹಿಡಿ, ಅವರ ಹಳೇ ಬೈನಾಮಾ ಕೇಳು. ಅದರಲ್ಲಿ ಜುನೂಬ್ ಮುಂದೆ ಯಾರ ಹೆಸರಿದೆ? ನಿಮ್ಮ ಮುತ್ಯಾನಿಗೆ ಮಾರಿದವನದೇ ಇದ್ದರೆ ಹೊಲ ಸಿಕ್ಕಂಗೇ. ಅವರ ಕಾಗದ ಇನ್ನೂ ಹಳೇದಿದ್ದು ಬೇರೆ ಹೆಸರು ಬಂದರೆ ಇನ್ನೂ ಚಲೋ, ಬಹುಶಃ ಅವನೇ ಅದಕ್ಕೂ ಹಿಂದಿನ ಮಾಲೀಕ. ಅವರ ಸರ್ವೆ ನಂಬರ್ ಹಿಡಿದು ಊರಿನ ನಕ್ಷೆ ನೋಡಿದರೆ ನಿಮ್ಮ ನಂಬರ್ ಪಕ್ಕದಲ್ಲೇ ಇರುತ್ತೆ. ಅಮೆರಿಕದ ಕೆಂಟಕಿಯಲ್ಲೂ ಹಳೇ ಕಾಗದಗಳಲ್ಲಿ ಓಕ್ ಮರ, ಹಳ್ಳ ಅಂತಲೇ ಗಡಿ ಬರೆದಿದ್ದಾರೆ. ಅಲ್ಲಿಯವರೂ ನೆರೆಯವರ ಕಾಗದ ಜೋಡಿಸಿಯೇ ನಕ್ಷೆ ಮಾಡ್ತಾರೆ.

ನಂಬರ್ ಸಿಕ್ಕ ಮೇಲೆ ತಹಸೀಲ್ ಕಚೇರಿಗೆ ಅರ್ಜಿ ಹಾಕಿ 1954-55ರ ಖಾಸ್ರಾ ಪಹಣಿಯ (ಸರ್ವೆ ನಂಬರುವಾರು ಹೊಲದ ದಾಖಲೆ) ನಕಲು ತಗೋ. ಪಟ್ಟಾದಾರ (ಹೊಲ ಯಾರ ಹೆಸರಿನಲ್ಲಿದೆಯೋ ಅವನು), ಕಬ್ಜೆದಾರ (ಹೊಲ ಯಾರ ಸ್ವಾಧೀನದಲ್ಲಿದೆಯೋ ಅವನು) ಎರಡೂ ಹೆಸರು ನೋಡು. ಒಬ್ಬರೇ ಇರಬೇಕು ಅಂತೇನಿಲ್ಲ. ನಿಮ್ಮೂರು ಜಾಗೀರಿನಲ್ಲಿತ್ತಾ ಅಂತಲೂ ಹಿರಿಯರನ್ನು ಕೇಳು. ಜಾಗೀರು ಅಂದರೆ ನಿಜಾಮರು ಜಾಗೀರದಾರರಿಗೆ ಬಿಟ್ಟುಕೊಟ್ಟಿದ್ದ ಊರುಗಳು; ಅವು ಸರ್ಕಾರಕ್ಕೆ ಬಂದದ್ದೇ 1949ರಲ್ಲಿ. ಹಿಂದಿನ ಲೆಕ್ಕ ತಾಲ್ಲೂಕಿನಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಯಾರೋ ಮುಚ್ಚಿಟ್ಟರು ಅಂತ ಜಗಳಕ್ಕೆ ನಿಲ್ಲಬೇಡ.

ಕಾಗದವನ್ನು ಲ್ಯಾಮಿನೇಶನ್ ಮಾತ್ರ ಮಾಡಿಸಬೇಡ. ಹಿಂಬದಿಯ ಮೊಹರು, ನೋಂದಣಿ ನಂಬರಿನ ಫೋಟೋ ತೆಗೆದು ಕಳಿಸು, ನೋಡ್ತೀನಿ.